ಕೆನ್ನೆ ಚಿವುಟಿಕೊಂಡರೆ ಎಚ್ಚರ

ಕಳೆದ ವಾರ ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಕುಳಿತು, ಕಿಕಿಯಾಮಾ ಎಂಬ ಗುಪ್ತನಾಮದ ಜಪಾನಿ ರಚನಾಕಾರರು 2004ರಲ್ಲಿ ಉಚಿತವಾಗಿ ಹೊರತಂದ ‘ಯುಮೆ ನಿಕ್ಕಿ’, ಅಂದರೆ ಕನಸಿನ ದಿನಚರಿ, ಎಂಬ ಕಂಪ್ಯೂಟರ್ ಆಟವನ್ನು ಆಡಿದೆ. ಕೋಣೆಯಿಂದ ಹೊರಗೆ ಕಾಲಿಡಲೊಪ್ಪದ ಹುಡುಗಿಯೊಬ್ಬಳು ಮಲಗಿದ ಮೇಲೆ 12 ಬಾಗಿಲುಗಳ ನಡುವೆ ನಿಲ್ಲುತ್ತಾಳೆ. ಪ್ರತಿ ಬಾಗಿಲಿನಾಚೆಗೂ ಹಳೆಯ ವಿಡಿಯೊ ಗೇಮ್‌ಗಳ ಶೈಲಿಯಲ್ಲಿ ಬಿಡಿಸಿದ ವಿಚಿತ್ರ ಲೋಕವೊಂದಿದ್ದು, ಅಲ್ಲೆಲ್ಲ ಚದುರಿರುವ 24 ‘ಎಫೆಕ್ಟ್’ಗಳನ್ನು, ಅಂದರೆ ಹುಡುಗಿಗೆ ಹೊಸ ರೂಪವನ್ನೋ ಶಕ್ತಿಯನ್ನೋ ಕೊಡುವ ವಸ್ತುಗಳನ್ನು, ಹುಡುಕುವುದೇ ನಮ್ಮ ಕೆಲಸ. ಸೈಕಲ್ ಸಿಕ್ಕರೆ ವೇಗ ಹೆಚ್ಚುತ್ತದೆ, ಕೊಡೆ ಹಿಡಿದರೆ ಮಳೆ ಬೀಳುತ್ತದೆ, ಕೆನ್ನೆ ಚಿವುಟಿಕೊಂಡರೆ ಎಚ್ಚರವಾಗುತ್ತದೆ. ದಾರಿ ಹೇಳುವವರು ಯಾರೂ ಇಲ್ಲ (ಮೊದಲ ಅರ್ಧ ಗಂಟೆ ನನಗೂ ಬೇಸರವಾಯಿತೆಂದು ಒಪ್ಪಿಕೊಳ್ಳಬೇಕು). ಆದರೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಊರಿನ ಓಣಿಗಳಲ್ಲಿ ಈಗಲೂ ಕನಸಿನಲ್ಲಿ ಸುತ್ತಾಡುವ ನನಗೆ, ಆಟದಲ್ಲಿ ಒಂದೇ ದಿಕ್ಕಿಗೆ ನಡೆದು ಹೊರಟ ಜಾಗಕ್ಕೇ ಮರಳುವ ಆ ಅಲೆದಾಟ ಬಹಳ ಪರಿಚಿತವೆನಿಸಿತು.