ಸತ್ತವರ ಹಬ್ಬದಲ್ಲಿ ನಗ್ತಾರಲ್ಲ, ಅವರಿಗೆ ದುಃಖ ಆಗಲ್ವಾ?

ನಾನು ಮೆಕ್ಸಿಕೊ ಸಿಟಿಗೆ ಬಂದ ಮೇಲೆ, ನವೆಂಬರ್ ಹತ್ತಿರ ಬಂತೆಂದರೆ ಊರಿನ ಫೋನಿನಲ್ಲಿ ಒಂದೇ ಪ್ರಶ್ನೆ. ಅತ್ತಿಗೆ ಕೇಳುತ್ತಾರೆ, ಕಾಲೇಜಿನ ಗೆಳತಿಯರು ಕೇಳುತ್ತಾರೆ, ರಜೆಗೆ ಹೋದಾಗ ಮಂಡ್ಯದ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ: "ಅಲ್ಲಿ ಸತ್ತೋರಿಗೆ ಹಬ್ಬ ಮಾಡ್ತಾರಂತಲ್ಲ, ಮುಖಕ್ಕೆ ಬುರುಡೆ ಬರ್ಕೊಂಡು ಕುಣೀತಾರಂತಲ್ಲ, ಅವ್ರಿಗೆ ದುಃಖವೇ ಆಗಲ್ವಾ?"

ಆಗುತ್ತದೆ. ನಮಗೆ ಆಗುವಷ್ಟೇ ಆಗುತ್ತದೆ. ಆದರೆ ಫೋನಿನಲ್ಲಿ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರೂ ವಿಡಿಯೊದಲ್ಲಿ ನೋಡಿರುವ ಆ ದೊಡ್ಡ ಮೆರವಣಿಗೆ ತೀರಾ ಹೊಸದು. 2015ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಅಂಥದ್ದೊಂದನ್ನು ತೋರಿಸಿದ ಮೇಲೆ, 2016ರಲ್ಲಿ ನಗರದಲ್ಲಿ ನಿಜವಾಗಿಯೂ ಶುರುವಾಯಿತು. ನೋಡಲು ಚೆಂದ, ನಾನೂ ಹೋಗಿದ್ದೇನೆ. ಆದರೆ ಹಬ್ಬವನ್ನು ನಾನು ಕಂಡದ್ದು ನಮ್ಮ ಕೆಳಮನೆಯ ಅಜ್ಜಿಯ ಮನೆಯಲ್ಲಿ.

ಅವರ ಯಜಮಾನರು ತೀರಿಕೊಂಡದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಆ ವರ್ಷ ಹಬ್ಬಕ್ಕೆ ನಗರದ ಸ್ಮಶಾನಗಳ ಬಾಗಿಲು ಮುಚ್ಚಿದ್ದರು. ಸರ್ಕಾರ ಅಕ್ಟೋಬರ್ 31ರಿಂದ ಮೂರು ದಿನ ದೇಶಕ್ಕೆಲ್ಲ ಶೋಕಾಚರಣೆ ಸಾರಿತ್ತು. ಗೋರಿಯ ಹತ್ತಿರ ಹೋಗುವಂತಿಲ್ಲದ ಕಾರಣ ಅಜ್ಜಿ ಎಲ್ಲವನ್ನೂ ಮನೆಯಲ್ಲೇ ಮಾಡಿದರು. ಮೇಜಿನ ಮೇಲೆ ಪೆಟ್ಟಿಗೆ ಜೋಡಿಸಿ ಮೆಟ್ಟಿಲು ಮಾಡಿ, ಬಿಳಿ ಬಟ್ಟೆ ಹಾಸಿ, ಮೇಲೆ ಯಜಮಾನರ ಫೋಟೊ ಇಟ್ಟರು. ಇದಕ್ಕೆ ಒಫ್ರೆಂದಾ ಅನ್ನುತ್ತಾರೆ. ಬಣ್ಣದ ಕಾಗದಕ್ಕೆ ಕತ್ತರಿ ಆಡಿಸಿ ಮಾಡಿದ ತೋರಣ, ಮೇಣದಬತ್ತಿ, ಸ್ವಲ್ಪ ಉಪ್ಪು, ನಮ್ಮ ಸಾಂಬ್ರಾಣಿಯಂಥ ಕೊಪಾಲ್‌ನ ಹೊಗೆ. ಒಂದು ಲೋಟ ನೀರು, ಯಾಕೆಂದರೆ ಅಷ್ಟು ದೂರದಿಂದ ಬರುವವರಿಗೆ ಬಾಯಾರಿರುತ್ತದೆ. ಮೂಳೆಯ ಆಕಾರ ಅಂಟಿಸಿದ ಗುಂಡನೆಯ ಸಿಹಿ ಬ್ರೆಡ್ಡು, ಪಾನ್ ದೆ ಮುಯೆರ್ತೊ. ಅವರು ಸೇದುತ್ತಿದ್ದ ಸಿಗರೇಟು. ಚಕ್ಕೆ, ಬೆಲ್ಲ ಹಾಕಿ ಮಡಕೆಯಲ್ಲಿ ಕುದಿಸಿದ ಕಾಫಿ. ಆ ವಾಸನೆಗೆ ನನಗೆ ನಮ್ಮೂರ ಆಲೆಮನೆ ಕಣ್ಣ ಮುಂದೆ ಬಂತು.

ಇಷ್ಟನ್ನೂ ಅಜ್ಜಿ ಕಣ್ಣೀರು ಹಾಕದೆ ಮಾಡಿದರು. ಕೊನೆಗೆ ಹೊಸಿಲಿನಿಂದ ಮೇಜಿನವರೆಗೆ ಚೆಂಡು ಹೂವಿನ ಎಸಳು ಹಾಸುವಾಗ ಮಾತ್ರ ನೆಲದ ಮೇಲೆ ಕೂತುಬಿಟ್ಟರು. "ಅವರಿಗೆ ದಾರಿ ತಿಳಿಯಬೇಕಲ್ಲ" ಎಂದು ಅತ್ತರು. ಉಳಿದ ಎಸಳನ್ನು ನಾನು ಹಾಸಿದೆ.

ಆ ಚೆಂಡು ಹೂವಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಾವು ಆಯುಧಪೂಜೆಗೆ ಮಾರುಗಟ್ಟಲೆ ಕೊಳ್ಳುವ, ಗುಂಡ್ಲುಪೇಟೆಯ ಹೊಲಗಳಲ್ಲಿ ಕಣ್ಣು ಕುಕ್ಕುವ ಈ ಹೂವಿನ ತವರು ಮೆಕ್ಸಿಕೊ. ಇಲ್ಲಿ ಅದರ ಹೆಸರು ಸೆಂಪಸೂಚಿಲ್. ಸ್ಪೇನಿನವರು ಬರುವ ಮೊದಲು ಇಲ್ಲಿ ಆಳುತ್ತಿದ್ದ ಆಜ್ಟೆಕರ ನಾವಾತ್ಲ್ ಭಾಷೆಯಿಂದ ಬಂದ ಪದ, ಅರ್ಥ 'ಇಪ್ಪತ್ತು ಹೂ'. ಒಂದು ಹೂವಿನಲ್ಲಿ ಎಷ್ಟು ಎಸಳು ನೋಡಿ, ಹೆಸರಿಟ್ಟವರ ಕಣ್ಣು ಎಷ್ಟು ಸರಿ.

ಅಜ್ಜಿಯ ಯಜಮಾನರ ಗೋರಿ ಇರುವುದು ನಗರದ ಅಂಚಿನ ಮಿಶ್ಕಿಕ್‌ನಲ್ಲಿ, ಹಳೆಯ ಚರ್ಚಿನ ಅಂಗಳದಲ್ಲೇ. ಮುಂದೊಂದು ವರ್ಷ ನನ್ನನ್ನೂ ಕರೆದುಕೊಂಡು ಹೋದರು. ನವೆಂಬರ್ 2ರ ಸಂಜೆ ಅಲ್ಲಿ ದೀಪ ಹಚ್ಚುತ್ತಾರೆ, ಅದಕ್ಕೆ ಅಲುಂಬ್ರಾದಾ ಎಂದು ಹೆಸರು. ಮನೆಮಂದಿಯೆಲ್ಲ ಬಕೆಟ್, ಪೊರಕೆ ಹಿಡಿದು ಬಂದು ಗೋರಿ ತೊಳೆದಿದ್ದರು, ಎಸಳಿನಲ್ಲಿ ಶಿಲುಬೆ ಬಿಡಿಸಿದ್ದರು. ಕತ್ತಲಾಗುತ್ತಿದ್ದಂತೆ ಸಾವಿರಾರು ಬತ್ತಿ ಹತ್ತಿಕೊಂಡವು, ಗಂಟೆ ಹೊಡೆಯಿತು, ಕೊಪಾಲ್ ಹೊಗೆಯಲ್ಲಿ ಎದುರಿನವರ ಮುಖವೂ ಮಸುಕಾಯಿತು. ಒಂದು ಕಡೆ ಗಿಟಾರಿನವರನ್ನು ಕರೆಸಿ ಅಪ್ಪನಿಗೆ ಇಷ್ಟದ ಹಾಡು ಹಾಡಿಸುತ್ತಿದ್ದರು. ಇನ್ನೊಂದು ಕಡೆ ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಹಂಚುತ್ತಿದ್ದರು, ನಮ್ಮ ಎಲೆಕಡುಬಿನ ಹಾಗೆ. ಮೂಲೆಯಲ್ಲಿ ಒಂದು ಪುಟ್ಟ ಗೋರಿ. ಅದರ ಮೇಲೆ ಬಿಳಿ ಹೂ, ಬಿಳಿ ಬತ್ತಿ, ಒಂದು ಆಟದ ಕಾರು. ಮಕ್ಕಳ ದಿನ ನವೆಂಬರ್ 1, ಅದು ಹಿಂದಿನ ದಿನವೇ ಮುಗಿದಿತ್ತು. ಆದರೂ ಆ ತಾಯಿ ಎದ್ದಿರಲಿಲ್ಲ. ಯಾರೂ ಅವಳಿಗೆ ಸಮಾಧಾನ ಹೇಳಲಿಲ್ಲ. ಹೆಂಗಸರು ಬಂದು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ಎದ್ದು ಹೋಗುತ್ತಿದ್ದರು. ದುಃಖ ಆಗಲ್ವಾ ಎಂದು ಕೇಳುವವರಿಗೆ ನಾನು ತೋರಿಸಬೇಕೆಂದುಕೊಳ್ಳುವುದು ಆ ಮೂಲೆಯನ್ನು.

ಹಾಗಾದರೆ ನಗು ಯಾರನ್ನು ಕುರಿತು? ಬದುಕಿರುವವರನ್ನು. ಈ ದಿನಗಳಲ್ಲಿ ಪತ್ರಿಕೆಗಳಲ್ಲಿ, ಶಾಲೆಗಳಲ್ಲಿ ಕಲವೆರೀತಾ ಎಂಬ ಚುಟುಕ ಬರೆಯುತ್ತಾರೆ. ಜೀವಂತ ಇರುವ ಮಂತ್ರಿಯನ್ನೋ ಮೇಷ್ಟರನ್ನೋ ಸಾವು ಬಂದು ಎಳೆದುಕೊಂಡು ಹೋದ ಹಾಗೆ ಕಟ್ಟಿದ ಪದ್ಯ ಅದು. ದೊಡ್ಡ ಹ್ಯಾಟಿನ ಅಸ್ಥಿಪಂಜರದ ಹೆಂಗಸು ಕತ್ರಿನಾ ಕೂಡ ಹಾಗೇ. 1913ರಲ್ಲಿ ತೀರಿಕೊಂಡ ಅಚ್ಚುಚಿತ್ರಗಾರ ಹೊಸೆ ಗ್ವಾದಲೂಪೆ ಪೊಸಾದಾ ಅವಳನ್ನು ಕೆತ್ತಿದ್ದು, ತಮ್ಮ ಮೂಲ ಮರೆತು ಯುರೋಪಿನವರಂತೆ ಮೆರೆಯುವವರನ್ನು ಅಣಕಿಸಲು. ಮೈತುಂಬ ಬಟ್ಟೆ ತೊಡಿಸಿದ್ದು ಚಿತ್ರಕಾರ ದಿಯೆಗೊ ರಿವೇರಾ, ತನ್ನ 1947ರ ಭಿತ್ತಿಚಿತ್ರದಲ್ಲಿ. ಅಜ್ಜಿಯ ಮನೆಯಲ್ಲಿ ಯಾರೂ ಯಜಮಾನರ ಫೋಟೊ ನೋಡಿ ನಕ್ಕಿಲ್ಲ.

"ನಮ್ಮ ಪಕ್ಷದ ಹಬ್ಬದಂಗೇ ಅನ್ನು" ಎನ್ನುತ್ತಾರೆ ಅತ್ತಿಗೆ. ಮೂಲ ಬೇರೆ. ಸ್ಪೇನಿನವರು ತಂದ ಕ್ರೈಸ್ತರ ಸಂತರ ದಿನ, ಆತ್ಮಗಳ ದಿನ ಒಂದು ಕಡೆ. ಸತ್ತವರಿಗೆಂದು ಆಜ್ಟೆಕರು ಮಾಡುತ್ತಿದ್ದ ಹಬ್ಬಗಳು ಇನ್ನೊಂದು ಕಡೆ. ಯಾವುದರ ಪಾಲು ಎಷ್ಟು ಎಂದು ವಿದ್ವಾಂಸರು ಇನ್ನೂ ಜಗ್ಗಾಡುತ್ತಿದ್ದಾರೆ. ಆದರೆ ನಮ್ಮ ತಾತನ ಎಡೆಗೆ ಬಾಡಿನ ಸಾರು, ಬೀಡಿ ಕಟ್ಟು ಇಟ್ಟ ಕೈಯನ್ನು ಕೆಳಮನೆಯ ಅಜ್ಜಿ ನೋಡಿದ್ದರೆ ಬಿಡಿಸಿ ಹೇಳುವ ಅಗತ್ಯ ಇರುತ್ತಿರಲಿಲ್ಲ. ಒಂದೇ ವ್ಯತ್ಯಾಸ ನನ್ನನ್ನು ಕಾಡುತ್ತದೆ. ನಾವು ಎಡೆ ಇಟ್ಟು, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬರುತ್ತೇವೆ. ಇಲ್ಲಿ ರಾತ್ರಿಯೆಲ್ಲ ಅವರ ಜೊತೆ ಕೂರುತ್ತಾರೆ.

ನವೆಂಬರ್ 3ರ ಬೆಳಿಗ್ಗೆ ಅಜ್ಜಿ ಒಫ್ರೆಂದಾದ ಬ್ರೆಡ್ಡು ಮುರಿದು ನಮ್ಮ ಮನೆಗೆ ತಂದರು. "ರುಚಿ ಇರಲ್ಲ ಮಗಳೇ, ಪರಿಮಳ ಎಲ್ಲ ಅವರು ತಗೊಂಡು ಹೋಗಿದ್ದಾರೆ" ಎಂದರು. ಬಾಯಿಗಿಟ್ಟೆ. ಕಿತ್ತಳೆ ಹೂವಿನ ಘಮ ಹಾಗೇ ಇತ್ತು. ನಾನು ಹೇಳಲಿಲ್ಲ.