ಗುರುವಿನ ಮೋಡಗಳಡಿಯ ನೀರಾವಿಯ ಅಳತೆ

ಗುರುಗ್ರಹದ ನೀರನ್ನು ಅಳೆಯುವಲ್ಲಿ ಎದುರಾಗುವ ಮೊದಲ ತೊಡಕೆಂದರೆ, ನಮಗೆ ಕಾಣುವ ಅಮೋನಿಯಾ ಹಿಮದ ಮೋಡಗಳ ಎತ್ತರದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮೇಲೇರುವ ನೀರಾವಿಯು ಚಳಿಗೆ ಸಿಕ್ಕಿ ಬಹಳ ಕೆಳಗೇ ಮೋಡವಾಗಿಬಿಡುತ್ತದೆ. ಆದ್ದರಿಂದ ಅಳತೆಯು ಆ ನೀರಿನ ಮೋಡಗಳಿಗಿಂತಲೂ ಆಳದಲ್ಲಿ ನಡೆಯಬೇಕು.

1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆಯ ಶೋಧಕವು ಧುಮುಕುಕೊಡೆಯ ನೆರವಿನಿಂದ ಇಳಿಯುತ್ತ, ಸುಮಾರು 22 ಬಾರ್ ಒತ್ತಡದ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ ಭೂಮಿಯ ಗಾಳಿಯ ಒತ್ತಡ) ಆಳದವರೆಗೂ ಮಾಹಿತಿ ಕಳುಹಿಸಿತು. ಅದು ಕಂಡ ನೀರು ನಿರೀಕ್ಷೆಗಿಂತ ತೀರ ಕಡಿಮೆಯಿತ್ತು. ಶೋಧಕವು ಇಳಿದದ್ದು ಒಣಗಾಳಿ ಕೆಳಮುಖವಾಗಿ ಸಾಗುವ, ಮೋಡಗಳು ವಿರಳವಾದ ತಾಣವೊಂದರಲ್ಲಿ. ಮರುಭೂಮಿಯಲ್ಲಿ ಬಾವಿ ತೋಡಿ ಇಡೀ ಭೂಮಿಯ ಅಂತರ್ಜಲವನ್ನು ಲೆಕ್ಕಹಾಕಿದಂತಾಯಿತು. ಉಪಕರಣವನ್ನು ದೂರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

2016ರಲ್ಲಿ ಗುರುವಿನ ಕಕ್ಷೆ ಸೇರಿದ ಜೂನೋ ನೌಕೆಯದು ಬೇರೆಯೇ ಉಪಾಯ. ಆಳದ ಬಿಸಿ ಅನಿಲವೇ ಹೊಮ್ಮಿಸುವ ಮೈಕ್ರೋವೇವ್ ವಿಕಿರಣವನ್ನು ಅದರ ರೇಡಿಯೋಮಾಪಕವು 1.3ರಿಂದ 50 ಸೆಂಟಿಮೀಟರ್‌ವರೆಗಿನ ಆರು ತರಂಗಾಂತರಗಳಲ್ಲಿ ಗ್ರಹಿಸುತ್ತದೆ. ತರಂಗಾಂತರ ಉದ್ದವಾದಷ್ಟೂ ನೋಟವು ಆಳಕ್ಕಿಳಿಯುತ್ತದೆ. ನಡುವೆ ಹೀರಲ್ಪಟ್ಟ ಪಾಲಿನಿಂದ ನೀರಿನ ಪ್ರಮಾಣವನ್ನು ಊಹಿಸಬೇಕು. ಆದರೆ ಅಮೋನಿಯಾವೂ ಇದೇ ವಿಕಿರಣವನ್ನು, ಅದೂ ನೀರಿಗಿಂತ ಬಲವಾಗಿ, ಹೀರಿಕೊಳ್ಳುವುದರಿಂದ ಮೊದಲು ಅದರ ಹಂಚಿಕೆ ತಿಳಿದಿರಬೇಕು. ಅಮೋನಿಯಾ ಚೆನ್ನಾಗಿ ಬೆರೆತಿರುವ ಸಮಭಾಜಕ ವಲಯವನ್ನೇ ಮೊದಲು ಆರಿಸಿಕೊಂಡದ್ದು ಈ ಕಾರಣಕ್ಕೆ. ಅಲ್ಲಿನ ಅಣುಗಳಲ್ಲಿ ಸುಮಾರು ಶೇ. 0.25ರಷ್ಟು ನೀರಿದೆಯೆಂದು 2020ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ನೀರಿನಲ್ಲಿರುವ ಆಮ್ಲಜನಕದ ಲೆಕ್ಕದಲ್ಲಿ ಇದು ಸೂರ್ಯನಲ್ಲಿರುವ ಪ್ರಮಾಣದ ಸುಮಾರು ಮೂರು ಪಟ್ಟು, ಆದರೂ ಅನಿಶ್ಚಿತತೆಯ ವ್ಯಾಪ್ತಿ ದೊಡ್ಡದೇ.