ಕೆಂಚನ ನಾಲ್ಕನೇ ಕಾಲು

ನಮ್ಮ ನಾಯಿ ಕೆಂಚನಿಗೆ ನೀರು ಅಂದ್ರೆ ಪ್ರಾಣ. ಮಂಡಿಯ ಲಿಗಮೆಂಟ್ ಆಪರೇಷನ್ ಆದಮೇಲೆ ಡಾಕ್ಟರು 'ಹೈಡ್ರೋಥೆರಪಿ ಮಾಡಿಸಿ, ಅಂದ್ರೆ ನೀರಿನಲ್ಲಿ ವ್ಯಾಯಾಮ' ಅಂದಾಗ ನನಗೆ ಖುಷಿಯೇ ಆಯ್ತು. ಈಜುಕೊಳಕ್ಕೆ ಬಿಟ್ಟರೆ ಸಾಕು, ಉಳಿದದ್ದು ಅವನೇ ನೋಡಿಕೊಳ್ಳುತ್ತಾನೆ ಅಂದುಕೊಂಡೆ.

ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಮಾಗಿದ ಮೇಲೆ ಹೋದೆವು. ಹೊಟ್ಟೆ ತುಂಬಾ ತಿನ್ನಿಸಿಕೊಂಡು ಬರಬೇಡಿ ಅಂದಿದ್ದರು. ದಾರಿಯುದ್ದಕ್ಕೂ ಕೆಂಚ ನನ್ನ ಮುಖ ನೋಡಲಿಲ್ಲ. ಅಲ್ಲಿ ಮೊದಲು ಟೇಪು ಹಿಡಿದು ತೊಡೆ ಅಳೆದರು. ಆಪರೇಷನ್ ಆದ ಎಡತೊಡೆ ಎರಡು ಸೆಂಟಿಮೀಟರ್ ಸೊರಗಿತ್ತು. ಕೈಯಲ್ಲಿ ಸವರಿದರೆ ಎಲುಬೇ ಸಿಗುತ್ತಿತ್ತು. ಆಮೇಲೆ ಕರೆದುಕೊಂಡು ಹೋಗಿದ್ದು ಕೊಳಕ್ಕಲ್ಲ, ಒಂದು ಗಾಜಿನ ತೊಟ್ಟಿಗೆ. ತಳದಲ್ಲಿ ಟ್ರೆಡ್‌ಮಿಲ್.

"ಇವನಿಗೆ ಈಜು ಚೆನ್ನಾಗಿ ಬರುತ್ತೆ" ಅಂದೆ, ಸ್ವಲ್ಪ ಜಂಬದಿಂದಲೇ.

"ಅದೇ ತೊಂದರೆ ಮೇಡಂ" ಅಂದರು ಥೆರಪಿಸ್ಟ್. "ಈಜೋವಾಗ ಜಾಸ್ತಿ ಕೆಲಸ ಮುಂಗಾಲುಗಳದ್ದೇ. ನೋಯೋ ಹಿಂಗಾಲನ್ನ ಸುಮ್ನೆ ತೇಲಿಸಿಕೊಂಡು ದಡ ಸೇರಿಬಿಡ್ತಾನೆ. ನಮಗೆ ಬೇಕಿರೋದು ಆ ಕಾಲು ನೆಲ ಊರೋದು."

ಉಗುರುಬೆಚ್ಚಗಿನ ನೀರು ನಿಧಾನವಾಗಿ ಏರಿತು. ಹಿಂಗಾಲಿನ ಗಿಣ್ಣು ಮುಳುಗಿತು. ಕೆಂಚ ಎಡಗಾಲು ಎತ್ತಿಕೊಂಡೇ ಇದ್ದ. ಅಷ್ಟು ನೀರಿನಲ್ಲಿ ಮೈಭಾರದ ಶೇಕಡಾ 91ರಷ್ಟು ಇನ್ನೂ ಕಾಲಿನ ಮೇಲೇ ಇರುತ್ತದಂತೆ. ಸೊಂಟದವರೆಗೆ ಬಂದರೆ ಉಳಿಯುವುದು ಸುಮಾರು 38 ಮಾತ್ರ. ನೀರು ಸೊಂಟ ಮುಟ್ಟಿತು. ಬೆಲ್ಟ್ ತಿರುಗತೊಡಗಿತು. ನಾನು ಗಾಜಿಗೆ ಮೂಗು ಒತ್ತಿ ಕೂತಿದ್ದೆ. ಮೂರು ಕಾಲಲ್ಲಿ ಕುಪ್ಪಳಿಸಿದ. ಮತ್ತೆ ಕುಪ್ಪಳಿಸಿದ. ಆಮೇಲೆ ಎಡಗಾಲಿನ ಉಗುರು ಬೆಲ್ಟಿಗೆ ತಾಗಿತು. ಮುಂದಿನ ಹೆಜ್ಜೆಗೆ ಬೆರಳು ಅಗಲವಾದವು. ಅದರ ಮುಂದಿನದಕ್ಕೆ ಇಡೀ ಅಂಗಾಲು ಊರಿದ.

ಎರಡು ನಿಮಿಷ ನಡಿಗೆ, ವಿಶ್ರಾಂತಿ, ಮತ್ತೆ ಎರಡು ನಿಮಿಷ. ಅಷ್ಟೇನಾ ಅನ್ನಿಸಿತು. ಮನೆಗೆ ಬಂದವನು ಸಂಜೆಯವರೆಗೆ ಗೊರಕೆ ಹೊಡೆದಾಗ ಆ 'ಅಷ್ಟೇ' ಎಷ್ಟು ಅಂತ ತಿಳಿಯಿತು.

ಮೂರನೇ ವಾರ ನಾನೊಂದು ಎಡವಟ್ಟು ಮಾಡಿದೆ. ಗೆಳತಿಯ ಮನೆಯ ಈಜುಕೊಳಕ್ಕೆ ಚೆಂಡು ಎಸೆದೆ. ಕೆಂಚ ಅಂಚಿನಿಂದ ಹಾರಿದ, ಚೆಂಡಿನ ಜೊತೆ ಬಾಯಿ ತುಂಬಾ ನೀರೂ ಕುಡಿದ. ಮರುದಿನ ಮತ್ತೆ ಮೂರೇ ಕಾಲು. ಥೆರಪಿಸ್ಟ್ ಬೈಯಲಿಲ್ಲ, ಸುಮ್ನೆ ನನ್ನನ್ನೇ ನೋಡಿದರು. ಬೈದಿದ್ದರೇ ವಾಸಿ ಇತ್ತು, ಅಲ್ವಾ?

ಎಂಟನೇ ವಾರ ತೊಟ್ಟಿಯಿಂದ ಇಳಿದು ಬಾಗಿಲ ಕಡೆ ನಡೆದ. ಒಣನೆಲದ ಮೇಲೆ ಒದ್ದೆ ಹೆಜ್ಜೆಗಳು. ಎಣಿಸಿದೆ, ನಾಲ್ಕು. ಎಡಗಾಲಿನದು ಇನ್ನೂ ಸ್ವಲ್ಪ ಮಸುಕು. ಫೋಟೋ ತೆಗೆಯೋಣ ಅಂತ ಫೋನು ಹುಡುಕುವಷ್ಟರಲ್ಲಿ ಕೆಂಚ ಮೈ ಕೊಡವಿದ. ನೆಲವೂ ಒದ್ದೆ, ನಾನೂ ಒದ್ದೆ.